ಕೆಂಪು ಗುಂಡಿ, ಹಸಿರು ಗುಂಡಿ ಮತ್ತು ನಮ್ಮ ಭಾವ

ನಮ್ಮ ಭಾವನವರು ಯಾವ ಯಂತ್ರವನ್ನೂ ತಾನಾಗಿ ಏಳಲು ಬಿಟ್ಟವರಲ್ಲ. ಮಿಕ್ಸಿ ಇರಲಿ, ಟಿ.ವಿ. ಇರಲಿ, ಸ್ವಿಚ್ಚು ಹಾಕುವ ಮೊದಲು ಅದರ ಯಾವುದಾದರೊಂದು ಗುಂಡಿಯನ್ನು ಒತ್ತಿ ಹಿಡಿದಿರಲೇಬೇಕು. ಆಗ ಮನೆಯಲ್ಲಿ ಯಾರೂ ಮಾತಾಡಬಾರದು. ಒಗ್ಗರಣೆ ಸೀದರೂ ಸರಿ!

ಭಾವ ಎಂದರೆ ನನ್ನ ಗಂಡನ ಅಣ್ಣ. ಮದುವೆಯಾಗಿಲ್ಲ. ಸೋಮವಾರಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ರೇಡಿಯೊ ಕೇಳುವವರೇ ಇಲ್ಲದಂತಾದ ಮೇಲೆ ಅಂಗಡಿ ಮುಚ್ಚಿ, ಸಾಮಾನೆಲ್ಲ ಮನೆಗೆ ತಂದು, ನಮ್ಮ ಊಟದ ಮೇಜನ್ನು ವಶಪಡಿಸಿಕೊಂಡರು. ಈಗ ಮೇಜಿನ ಮೇಲೆ ಬೆಂಕಿಪೊಟ್ಟಣದಷ್ಟಗಲದ ಸರ್ಕ್ಯೂಟ್ ಬೋರ್ಡುಗಳು ಆರಾಮವಾಗಿ ಮಲಗಿವೆ. ನಾವು ನೆಲದಲ್ಲಿ ಕೂತು ಉಣ್ಣುತ್ತೇವೆ.

ಒಮ್ಮೆ ನನಗೂ ಪಾಠವಾಯಿತು. “ಕರೆಂಟು ಬಂದ ತಕ್ಷಣ ಬೋರ್ಡಿಗೆ ಏನು ಮಾಡ್ಬೇಕು ಅಂತ ಗೊತ್ತಿರಲ್ಲ ಕಣಮ್ಮ. ಒಳಗೆ ಬೂಟ್‌ಲೋಡರ್ ಅಂತ ಸಣ್ಣದೊಂದು ಪ್ರೋಗ್ರಾಂ ಇರ್ತದೆ. ಅದು ಮೊದಲು ಎದ್ದು, ಯಾರಾದ್ರೂ ಗುಂಡಿ ಒತ್ತಿದಾರಾ ಅಂತ ನೋಡ್ತದೆ. ಕೆಂಪು ಗುಂಡಿ ಒತ್ತಿದ್ರೆ ಹೊಸ ಪ್ರೋಗ್ರಾಂ ಕೊಡಿ ಅಂತ ಕಾಯ್ತಾ ಕೂರ್ತದೆ. ಹಸಿರು ಒತ್ತಿದ್ರೆ ಹಳೇದನ್ನ ಎಬ್ಬಿಸ್ತದೆ. ಏನೂ ಒತ್ತದಿದ್ರೆ ಕೊನೇಲಿ ಹಾಕಿದ್ದನ್ನ ಎಬ್ಬಿಸ್ತದೆ.”

“ನಿಮ್ಮ ತಮ್ಮ ಮನೇಲಿ ಒಂದು ಮಾತಾಡೋ ಹಾಗೆ ಮಾಡೋಕೆ ಯಾವ ಗುಂಡಿ ಭಾವ?”

“ಅವನು ಹಳೇ ಮಾಡೆಲ್ಲು. ಗುಂಡಿ ಇಟ್ಟಿಲ್ಲ,” ಎಂದರು. ನಗಲಿಲ್ಲ.

ಹೊಸ ವಾಷಿಂಗ್ ಮೆಷಿನ್ ಬಂದ ದಿನವೇ ಎರಡು ಗುಂಡಿ ಒಟ್ಟಿಗೆ ಹಿಡಿದು ಆನ್ ಮಾಡಿದರು. ಅದು ಯಾವುದೋ ಗುಟ್ಟಿನ ಪರೀಕ್ಷೆಗೆ ಇಳಿಯಿತು. ಒಗೆಯುವುದಿಲ್ಲ, ನೀರು ತುಂಬುವುದಿಲ್ಲ, ಒಣಬಟ್ಟೆಯನ್ನು ಹಿಂಡುತ್ತದೆ, ಅಷ್ಟೇ! ಕುಶಾಲನಗರದಿಂದ ಮೆಕ್ಯಾನಿಕ್ ಬಂದ. ಪ್ಲಗ್ಗು ಕಿತ್ತ, ಒಂದು ಲೋಟ ಕಾಫಿ ಕುಡಿದ, ಪ್ಲಗ್ಗು ಹಾಕಿದ. ಸರಿಹೋಯಿತು. “ಅದು ರಿಪೇರಿ ಅಲ್ಲ, ಪಲಾಯನ,” ಎಂದು ಭಾವ ಎದ್ದು ಒಳಗೆ ಹೋದರು.

ಇಂಥವರ ಹುಚ್ಚು ನನಗೆ ಬೇಕಾಗಿ ಬಂದದ್ದು ಆನೆಯ ದೆಸೆಯಿಂದ. ಬೇಸಿಗೆಯಲ್ಲಿ ಮಳೆ ಕೈಕೊಟ್ಟರೆ ನಮ್ಮ ರೊಬಸ್ಟಾ ಕಾಫಿ ಗಿಡಗಳ ಮೊಗ್ಗಿಗೆ ಸ್ಪ್ರಿಂಕ್ಲರಿನ ನೀರೇ ಗತಿ. ಮೋಟರು ಇರುವುದು ಕೆಳಗೆ, ನೀರು ಹರಿವ ತೋಡಿನ ಪಕ್ಕ. ಅದಕ್ಕೆ ಬೇಕಾದ ಕರೆಂಟು ಬರುವುದು ಬೆಳಗಿನ ಜಾವ. ಗಂಡ ಮೊದಲ ಬಸ್ಸಿನ ಡ್ರೈವರು, ಅಷ್ಟು ಹೊತ್ತಿಗೆ ಹೊರಟಿರುತ್ತಾರೆ. ಹಾಗಾಗಿ ಮೋಟರು ಹಾಕುವ ಕೆಲಸ ನನ್ನದು. ಈ ವರ್ಷ ಒಂದು ಬೆಳಿಗ್ಗೆ ಹೋದರೆ ಪಂಪಿನ ಮನೆಗೂ ನನಗೂ ನಡುವೆ ಆನೆ ನಿಂತಿತ್ತು! ಹೋಗುವಾಗ ಎರಡು ಚಪ್ಪಲಿ ಇತ್ತು, ಬರುವಾಗ ಒಂದು.

“ಇನ್ನು ನೀನು ಕೆಳಗೆ ಇಳೀಬಾರ್ದು,” ಎಂದರು ಗಂಡ. ಆ ವಾರದಲ್ಲಿ ಅವರಾಡಿದ ಅತ್ಯಂತ ಉದ್ದದ ಮಾತು ಅದು.

“ಮೊಗ್ಗು ಒಣಗಿದ್ರೆ ವರ್ಷವಿಡೀ ಏನು ತಿನ್ನೋದು? ನೀರು ಬಿಡದ ದಿನ ನಾನು ಹೋಗೋಳೇ,” ಎಂದೆ. ನನ್ನ ಹಟ ಇಡೀ ಊರಿಗೆ ಗೊತ್ತು.

ಭಾವ ಮೇಜಿಗೆ ಹೋಗಿ ಕೂತರು. ನಾಲ್ಕು ದಿನದಲ್ಲಿ ಒಂದು ಪೆಟ್ಟಿಗೆ ತಯಾರಾಗಿ ಪಂಪಿನ ಮನೆ ಸೇರಿತು. ಕರೆಂಟು ಬಂದೊಡನೆ ಅದೇ ಮೋಟರು ಹಾಕುತ್ತದೆ, ನನ್ನ ಫೋನಿಗೆ ಮೆಸೇಜನ್ನೂ ಕಳಿಸುತ್ತದೆ. ನಾನು ಹಾಸಿಗೆಯಲ್ಲೇ ಓದಿ ಮಗ್ಗುಲು ಬದಲಿಸಬಹುದು.

ಮರುದಿನ ಮೋಟರೂ ಇಲ್ಲ, ಮೆಸೇಜೂ ಇಲ್ಲ. ಬಿಸಿಲೇರಿದ ಮೇಲೆ ಇಬ್ಬರೂ ಕೆಳಗೆ ಹೋದೆವು.

“ಕಾಯ್ತಾ ಇದೆ,” ಎಂದರು ಭಾವ, ಪೆಟ್ಟಿಗೆಯ ದೀಪ ನೋಡುತ್ತ.

“ಏನಕ್ಕೆ?”

“ಹೊಸ ಪ್ರೋಗ್ರಾಮಿಗೆ.”

“ಮೊಗ್ಗೂ ಕಾಯ್ತಾ ಇದೆ, ನೀರಿಗೆ!”

ವೋಲ್ಟೇಜು ಅಳೆದರು, ವೈರು ಎಳೆದರು, ವಿದ್ಯುತ್ ಇಲಾಖೆಯವರ ಮೇಲೆ ಸಂಶಯಪಟ್ಟರು. ನಾನು ಪೆಟ್ಟಿಗೆಯನ್ನೇ ನೋಡಿದೆ. ನಮ್ಮ ತೋಟದಲ್ಲಿ ಏಣಿಯಿಂದ ಹಿಡಿದು ಹಾಲಿನ ಕ್ಯಾನಿನವರೆಗೆ ಎಲ್ಲವನ್ನೂ ಕಟ್ಟುವುದು ಹಳೇ ಟಯರಿನ ಟ್ಯೂಬಿನಲ್ಲಿ. ಭಾವನೂ ಪೆಟ್ಟಿಗೆಗೆ ಗೊಬ್ಬರದ ಚೀಲ ಸುತ್ತಿ, ಟ್ಯೂಬನ್ನು ಬಿಗಿಯಾಗಿ ಎಳೆದು ಕಂಬಕ್ಕೆ ಕಟ್ಟಿದ್ದರು. ಟ್ಯೂಬು ಸರಿಯಾಗಿ ಕೆಂಪು ಗುಂಡಿಯ ಮೇಲೆ ಕೂತಿತ್ತು! ಯಂತ್ರದ ತಪ್ಪೇನು ಪಾಪ? ಒತ್ತಿದ್ದಕ್ಕೆ ಕಾದಿದೆ.

ಟ್ಯೂಬು ಸರಿಸಿ ಕಟ್ಟಿದೆವು. ಅಂದಿನಿಂದ ಮೆಸೇಜು ತಪ್ಪದೆ ಬಂತು. ಭಾವನಿಗೆ ಮಾತ್ರ ಹೊಸ ಹುಚ್ಚು ಹಿಡಿಯಿತು. ಗೇಟಿನವರೆಗೂ ನಡೆಯದ ಮನುಷ್ಯ ಕತ್ತಲಿರುವಾಗಲೇ ಟಾರ್ಚು, ದೊಣ್ಣೆ, ಒಂದು ಖಾಲಿ ಡಬ್ಬ ಹಿಡಿದು ವಾಕಿಂಗ್ ಹೊರಡತೊಡಗಿದರು. ಕೇಳಿದರೆ, “ಶುಗರ್ ಕಣಮ್ಮ.” ಡಬ್ಬ ಯಾಕೆ? “ತಾಳಕ್ಕೆ.” ನಾನು ಕಂಡವರಿಗೆಲ್ಲ ಹೇಳಿಕೊಂಡು ನಕ್ಕೆ.

ಒಂದು ಮುಂಜಾನೆ ಪಕ್ಕದ ಎಸ್ಟೇಟಿನಿಂದ ಪಟಾಕಿ ಕೇಳಿಸಿತು. ಅಂದರೆ ಆನೆ ಇಳಿದಿದೆ. ಭಾವ ಹೊರಗಿದ್ದಾರೆ! ರಸ್ತೆಗೆ ಓಡಿದೆ. ರಸ್ತೆಯಲ್ಲಿ ಯಾರೂ ಇಲ್ಲ. ಟಾರ್ಚಿನ ಬೆಳಕು ಕಂಡದ್ದು ಕೆಳಗೆ, ಪಂಪಿನ ಮನೆಯಲ್ಲಿ. ಇಳಿದು ಹೋದೆ.

ಭಾವ ಬೋರಲು ಹಾಕಿದ ಬಕೆಟಿನ ಮೇಲೆ ಕೂತಿದ್ದರು. ಕರೆಂಟು ಇನ್ನೂ ಬಂದಿರಲಿಲ್ಲ. ಹೆಬ್ಬೆರಳು ಹಸಿರು ಗುಂಡಿಯ ಮೇಲಿತ್ತು.

“ಇಲ್ಲೇನು ಮಾಡ್ತಿದ್ದೀರಿ ಭಾವ?”

ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದರು. “ಮೆಸೇಜಿನ ಜೊತೆ ನಿಂಗೊಂದು ಶುಭೋದಯನೂ ಬರ್ಲಿ ಅಂತ ಹೊಸ ಪ್ರೋಗ್ರಾಂ ಹಾಕ್ದೆ. ಅದು ಏಳ್ತಾನೇ ಇಲ್ಲ. ಅಳಿಸೋಕೆ ಹೋದ್ರೆ ಹಳೇದೂ ಹೋದೀತು ಅಂತ ಭಯ. ಹಸಿರು ಒತ್ತಿ ಹಿಡಿದ್ರೆ ಮಾತ್ರ ಹಳೇದು ಏಳ್ತದೆ. ಹೂ ಮುಗೀಲಿ, ಸರಿಮಾಡ್ತೀನಿ.”

“ಇಲ್ಲಿವರೆಗೂ ಬಂದ ಮೇಲೆ ಸ್ವಿಚ್ಚೇ ಹಾಕ್ಬಹುದಿತ್ತಲ್ಲ! ಈ ಗುಂಡಿ ಯಾಕೆ?”

“ಸ್ವಿಚ್ಚು ಹಾಕಿದ್ರೆ ನಿಂಗೆ ಮೆಸೇಜು ಬರಲ್ಲ,” ಎಂದರು. “ಮೆಸೇಜು ಬರದಿದ್ರೆ ನೀನೇ ಹೊರಟು ಬರ್ತೀಯಲ್ಲಮ್ಮ.”

ಅಳು ಬಂತು, ಸುಮ್ಮನೆ ಅತ್ತೆ. ಅಷ್ಟರಲ್ಲಿ ಕರೆಂಟು ಬಂದು ಮೋಟರು ಗುಡುಗಿತು. ಭಾವ ಬೆರಳು ತೆಗೆದು ಉಫ್ ಉಫ್ ಎಂದು ಊದಿಕೊಂಡರು. ಬಕೆಟಿನಿಂದ ಏಳಲು ಮಂಡಿ ಒಪ್ಪಲಿಲ್ಲ. ನಾನು ಕೈಕೊಟ್ಟು ಎಬ್ಬಿಸಿದೆ.

“ಬನ್ನಿ ಭಾವ, ಕಾಫಿ ಆರ್ತದೆ,” ಎಂದೆ. ಕಾಫಿ ಇನ್ನೂ ಮಾಡಿರಲೇ ಇಲ್ಲ.