ಟ್ರಯಲ್‌ಗೆ ಬಂದವರೂ ನನ್ನ ಸೌಟೂ

ಫುಟ್‌ಬಾಲ್ ಕ್ಲಬ್ಬಿನ ಅಡುಗೆಮನೆಯಲ್ಲಿ ನಗುವಿಗೆ ಬರ ಬಂದದ್ದು ನನಗೆ ನೆನಪಿಲ್ಲ. ಅದರಲ್ಲೂ ಜುಲೈ ತಿಂಗಳಲ್ಲಿ, ಲೀಗ್ ಪಂದ್ಯಗಳಿಲ್ಲದೆ ಬರೀ ಅಭ್ಯಾಸ ನಡೆಯುವಾಗ, ದಿನಕ್ಕೊಂದು ತಮಾಷೆ ಆಗಿಯೇ ಆಗುತ್ತಿತ್ತು.

ಎರಡು ಸಾವಿರದ ಇಸವಿ ಕಳೆದ ಹೊಸತು. ನಮ್ಮವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ನಾನು ಎಸ್ಸೆಸ್ಸೆಲ್ಸಿ. ಕನ್ನಡದವರು ಸೇರಿದ ಕಡೆಯೆಲ್ಲ ಹೆಂಗಸರು, “ನೀವೇನು ಮಾಡ್ಕೊಂಡಿದೀರಿ?” ಎಂದು ಕೇಳುವರು. ಅವರಲ್ಲಿ ಒಬ್ಬರು ಡಾಕ್ಟರು, ಇನ್ನೊಬ್ಬರು ಎಂ.ಟೆಕ್. ನಾನು, “ಮಗಳನ್ನ ನೋಡ್ಕೊಂಡಿದೀನಿ” ಅಂದರೆ, “ಪರವಾಗಿಲ್ಲ ಬಿಡಿ” ಎನ್ನುವರು, ನನಗೇನೋ ಕಾಯಿಲೆ ಬಂದಿರುವ ಹಾಗೆ. ಆ “ಪರವಾಗಿಲ್ಲ” ತಪ್ಪಿಸಿಕೊಳ್ಳುವುದಕ್ಕೇ, ಮಗಳು ನರ್ಸರಿಗೆ ಹೋಗತೊಡಗಿದ ಮೇಲೆ ನಾನು ಕೆಲಸ ಹುಡುಕಿದೆ. ಸಟನ್ ಕೋಲ್ಡ್‌ಫೀಲ್ಡ್ ದಾಟಿದರೆ ಒಂದು ಸಣ್ಣ ಕ್ಲಬ್ಬಿನ ಅಭ್ಯಾಸದ ಮೈದಾನ. ಅಲ್ಲಿನ ಅಡುಗೆಮನೆಯವರು, “ಜುಲೈ ಮುಗಿಯೋವರೆಗೆ ನೋಡ್ತೀವಿ, ಸರಿಹೋದರೆ ಖಾಯಂ” ಎಂದರು. ನನಗೆ ಆ ಖಾಯಂ ಬೇಕೇ ಬೇಕಿತ್ತು.

೧. ಚಾಕು ಬಚ್ಚಿಟ್ಟದ್ದು

ಅಡುಗೆಮನೆಯ ಯಜಮಾನಿ ಬರ್ಮಿಂಗ್‌ಹ್ಯಾಮ್‌ನಲ್ಲೇ ಹುಟ್ಟಿ ಬೆಳೆದವಳು. ನಾನಾಗಲಿ, ತಂಡ ನಡೆಸುವ ಮ್ಯಾನೇಜರ್ ಆಗಲಿ, ಹಾಲು ತರುವವನಾಗಲಿ, ಎಲ್ಲರನ್ನೂ “ಬ್ಯಾಬ್”, ಆ ಊರಿನ ಮಾತಿನಲ್ಲಿ ‘ಮರಿ’, ಎಂದೇ ಕರೆಯುವಳು. ಮೊದಲ ದಿನ ಹೇಳಿದಳು: “ಇವತ್ತು ಊಟಕ್ಕೆ ಆರು ಜನ ಹೆಚ್ಚು, ಬ್ಯಾಬ್. ಟ್ರಯಲ್ ಮೇಲಿರೋರು.”

ಟ್ರಯಲ್ ಅಂದರೆ ನನಗೆ ಗೊತ್ತಿದ್ದದ್ದು ಕೋರ್ಟಿನದು ಒಂದೇ.

“ಏನು ಮಾಡಿದ್ದಾರೆ?” ಎಂದು ಕೇಳಿದೆ.

“ಇನ್ನೂ ಏನೂ ಮಾಡಿಲ್ಲ, ಬ್ಯಾಬ್. ಅದೇ ಅವರ ಕಷ್ಟ.”

ಅಪರಾಧ ಸಾಬೀತಾಗಿಲ್ಲ ಎಂದು ಅರ್ಥ ಮಾಡಿಕೊಂಡೆ. ಮೂಲೆಯ ಮೇಜಿನಿಂದ ಚಾಕು, ಫೋರ್ಕು ಎಲ್ಲ ಎತ್ತಿ ಹಿಟ್ಟಿನ ಡಬ್ಬಿಯೊಳಗೆ ಹಾಕಿ, ಆರು ಚಮಚ ಇಟ್ಟೆ. ಆರೂ ಜನ ಬಂದರು. ತಲೆ ಬೋಳು, ತೋಳ ತುಂಬ ಹಚ್ಚೆ. ನನ್ನ ಅನುಮಾನ ಗಟ್ಟಿಯಾಯಿತು. ಊಟಕ್ಕೆ ಇಡೀ ಕೋಳಿ ಕಾಲು. ಒಬ್ಬನಾದರೂ ಚಾಕು ಕೇಳಬೇಡವೇ? ಎಲ್ಲರೂ ಮುಖ ಗಂಭೀರ ಮಾಡಿಕೊಂಡು ಚಮಚದಲ್ಲಿ ಕೋಳಿಯನ್ನು ತಟ್ಟೆಯ ಸುತ್ತ ಓಡಿಸಿದರು. ಒಬ್ಬನದು ಜಾರಿ ಕೆಳಗೆ ಹಾರಿತು. ಅವನು ಅದನ್ನು ನೆಲ ಮುಟ್ಟುವ ಮೊದಲೇ ಪಾದದ ಮೇಲೆ ನಿಲ್ಲಿಸಿ, ಮ್ಯಾನೇಜರ್ ನೋಡಿದರೋ ಇಲ್ಲವೋ ಎಂದು ತಿರುಗಿ ನೋಡಿದ.

ಯಜಮಾನಿ ಬಂದು ನಕ್ಕು ನಕ್ಕು ಬಿಡಿಸಿ ಹೇಳಿದಳು. ಇವರು ಯಾವ ಕ್ಲಬ್ಬಿನ ಒಪ್ಪಂದವೂ ಇಲ್ಲದ ಆಟಗಾರರು. ಸ್ವಲ್ಪ ದಿನ ಇಟ್ಟುಕೊಂಡು ನೋಡುತ್ತಾರೆ, ಹಿಡಿಸಿದರೆ ಒಂದು ವರ್ಷಕ್ಕೆ ಸಹಿ, ಇಲ್ಲದಿದ್ದರೆ ಮನೆಗೆ. ಅಂದರೆ ನನ್ನ ಜಾತಿಯವರೇ. ಪಶ್ಚಾತ್ತಾಪವಾಗಿ ಚಾಕುಗಳನ್ನು ತೊಳೆದು ತೆಗೆದುಕೊಂಡು ಹೋದೆ. ಅವರಲ್ಲೊಬ್ಬ ಹತ್ತಿರ ಬಗ್ಗಿ ಪಿಸುಗುಟ್ಟಿದ:

“ಚಮಚದ್ದು ಮುಗೀತಾ? ಎಷ್ಟು ಮಾರ್ಕು ಬಂತು ನನಗೆ?”

೨. ಬೆಳ್ಳಿ ಬಣ್ಣದ ಕಾರು

ಮ್ಯಾನೇಜರ್ ಕಾರಿನ ಬಣ್ಣ ಬೆಳ್ಳಿಯದು. ನಮ್ಮ ಕಾರೂ ಬೆಳ್ಳಿಯದೇ. ವ್ಯತ್ಯಾಸ ಇಷ್ಟೇ, ಅವರದು ಆ ವರ್ಷದ್ದು, ನಮ್ಮದು ಎರಡು ಕೈ ದಾಟಿ ಬಂದದ್ದು. ದೂರದಿಂದ ಮಂಜಿನಲ್ಲಿ ಅದೂ ಗೊತ್ತಾಗದು.

ಒಂದು ಬೆಳಗ್ಗೆ ನಮ್ಮವರು ನನ್ನನ್ನು ಬಿಡಲು ಬಂದರು. ಗೇಟು ದಾಟುತ್ತಿದ್ದ ಹಾಗೆ, ಹುಲ್ಲಿನ ಮೇಲೆ ಕೂತು ಹರಟುತ್ತಿದ್ದ ಆರೂ ಜನ ಚಂಗನೆ ಎದ್ದರು. ಇಬ್ಬರು ದಂಡ ಹೊಡೆಯತೊಡಗಿದರು. ಒಬ್ಬ ಇನ್ನೊಬ್ಬನನ್ನು ಹೆಗಲ ಮೇಲೆ ಹೊತ್ತು ಓಡಿದ. ಮತ್ತೊಬ್ಬ, ಯಾರೂ ಹೇಳದಿದ್ದರೂ, ಗೋಲಿನ ಕಂಬವನ್ನೇ ಎತ್ತಿಕೊಂಡು ಈ ಕಡೆಯಿಂದ ಆ ಕಡೆ ಹೊರಟ. ಉಳಿದವನಿಗೆ ಮಾಡಲು ಏನೂ ಸಿಗದೆ ಕಾರಿಗೆ ಸೆಲ್ಯೂಟ್ ಹೊಡೆದ.

ಇವರು ಬ್ರೇಕ್ ಹಾಕಿದರು. “ಏನೇ ಇದು?”

“ನಿಮ್ಮನ್ನ ಮ್ಯಾನೇಜರ್ ಅಂದ್ಕೊಂಡಿದಾರೆ. ಕಿಟಕಿ ಇಳಿಸ್ಬೇಡಿ, ಪಾಪ, ನಿಂತುಬಿಡ್ತಾರೆ.”

“ನಿಲ್ಲಿಸೋದು ಬೇಡ್ವಾ?”

“ಮೈಗೆ ಒಳ್ಳೇದೇ ತಾನೆ, ಮಾಡ್ಲಿ ಬಿಡಿ.”

ಇವರ ಆಫೀಸಿನಲ್ಲಿ ಇವರು ಒಳಗೆ ಬಂದರೆ ಒಂದು ಕುರ್ಚಿಯೂ ಅಲುಗಾಡುವುದಿಲ್ಲ. ಇಲ್ಲಿ ಇವರನ್ನು ಕಂಡು ಒಬ್ಬ ಗೋಲಿನ ಕಂಬ ಹೊರುತ್ತಿದ್ದಾನೆ. ನನ್ನನ್ನು ಇಳಿಸಿದ ಮೇಲೂ ಮೈದಾನದ ಸುತ್ತ ಎರಡು ಸಲ ನಿಧಾನವಾಗಿ ಗಾಡಿ ಓಡಿಸಿ ಹೋದರು.

ಮಾರನೆಯ ದಿನದಿಂದ ನನ್ನನ್ನು ಬಿಡಲು ಬರುವಾಗ ಟೈ ಕಟ್ಟಿಕೊಂಡು ಬರತೊಡಗಿದರು.

೩. ಒಗ್ಗರಣೆಯ ಘಾಟು

ಆಟಗಾರರಿಗೆ ಬೇಯಿಸಿದ ಹುರುಳಿಕಾಯಿ ಕೊಡಬೇಕೆಂದು ನಿಯಮ. ಉಪ್ಪಿಲ್ಲ, ಹುಳಿಯಿಲ್ಲ, ಖಾರವಂತೂ ಇಲ್ಲವೇ ಇಲ್ಲ. ಯಾರೂ ತಿನ್ನುತ್ತಿರಲಿಲ್ಲ. ದಿನಾ ಅಷ್ಟೂ ಕಸದ ಬುಟ್ಟಿಗೆ. ಒಂದು ದಿನ ಯಜಮಾನಿ ಅಂಗಡಿಗೆ ಹೋದಾಗ ಮನಸ್ಸು ತಡೆಯದೆ ಒಂದು ಒಗ್ಗರಣೆ ಹಾಕಿದೆ. ಎಣ್ಣೆ, ಸಾಸಿವೆ, ಇಂಗು, ಎಂಟು ಒಣಮೆಣಸಿನಕಾಯಿ. ಎಣ್ಣೆ ಸ್ವಲ್ಪ ಹೆಚ್ಚೇ ಕಾದಿತ್ತು.

ನಮ್ಮ ಒಲೆಯ ಹೊಗೆ ಹೋಗುವ ಕಿಂಡಿಯ ಪಕ್ಕದಲ್ಲೇ ಜಿಮ್ಮಿನ ಕಿಟಕಿ. ಅಂದು ಹೊರಗೆ ಮಳೆ. ಎಲ್ಲರನ್ನೂ ಒಳಗೆ ಓಡುವ ಯಂತ್ರದ ಮೇಲೆ ಹತ್ತಿಸಿದ್ದರು. ಘಾಟು ನೇರ ಅಲ್ಲಿಗೆ ಹೋಯಿತು. ಸಹಿ ಆಗಿದ್ದ ಹಳೆಯ ಆಟಗಾರರು ಕೆಮ್ಮುತ್ತಾ ಬಾಯಿಗೆ ಬಂದದ್ದು ಬೈಯುತ್ತಾ ಹೊರಗೆ ಬಂದರು. ಟ್ರಯಲ್‌ನವರು ಹೇಗೆ ಬಂದಾರು? ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ದಾರಲ್ಲ. ಆರೂ ಜನ ಕಣ್ಣು, ಮೂಗು ಒಟ್ಟಿಗೆ ಸುರಿಸಿಕೊಂಡು ಓಡುತ್ತಲೇ ಇದ್ದರು.

ಯಜಮಾನಿ ಬಂದು ನನ್ನನ್ನು ಮೂಲೆಗೆ ಕರೆದಳು. ಈ ಸಲ ನಗಲಿಲ್ಲ. “ಇನ್ನೊಂದು ತಪ್ಪಾದರೆ ನಿನ್ನನ್ನ ಉಳಿಸ್ಕೊಳ್ಳೋದು ನನ್ನ ಕೈಲಿಲ್ಲ, ಬ್ಯಾಬ್.”

ನಾನು ತಲೆ ತಗ್ಗಿಸಿ ನಿಂತಿದ್ದೆ. ಹೊರಗೆ ಮ್ಯಾನೇಜರ್, ಶೀತವಾಗಿ ಮೂಗು ಕಟ್ಟಿದ್ದ ಪುಣ್ಯಾತ್ಮ, ಹಳೆಯ ಆಟಗಾರರನ್ನು ಸಾಲಾಗಿ ನಿಲ್ಲಿಸಿ ಬುದ್ಧಿ ಹೇಳುತ್ತಿದ್ದರು:

“ಒಳಗೆ ಹೋಗಿ ನೋಡಿ. ಆಟಕ್ಕೋಸ್ಕರ ಕಣ್ಣೀರು ಹಾಕೋರು ಹೇಗಿರ್ತಾರೆ ಅಂತ.”

೪. ಹೋಗಿ ಬರುವುದು

ಜುಲೈ ಮುಗಿಯಲು ಇನ್ನೊಂದು ವಾರವಿತ್ತು. ಆ ಶುಕ್ರವಾರ ಒಬ್ಬನನ್ನು ಬೇಡವೆಂದರು. ಲೀಡ್ಸ್ ಕಡೆಯವನು, ಉದ್ದದ ಆಳು, ಹಿಂದೆ ನಿಂತು ಆಡುವವನು. ಚೆಂಡನ್ನು ಮೂರು ಸಲ ಕಾರು ನಿಲ್ಲಿಸುವ ಜಾಗಕ್ಕೆ ಒದ್ದಿದ್ದ. ಒಂದು ಸಲ ಅದು ಮ್ಯಾನೇಜರ್ ಕಾರಿನ ಮೇಲೇ ಕೂತಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಅಡುಗೆಮನೆಯ ಕಿಟಕಿಗೆ ಬಂದು ಹೇಳಿದ: “ಊಟಕ್ಕೆ ಥ್ಯಾಂಕ್ಸ್. ನಾನು ಹೋಗ್ತೀನಿ.”

ಹೊರಟವರ ಬಾಯಲ್ಲಿ “ಹೋಗ್ತೀನಿ” ಅಂತ ಬಂದರೆ ನನಗೆ ಮೈ ಜುಮ್ಮೆನ್ನುತ್ತದೆ. ಹೋಗಿ ಬರ್ತೀನಿ ಅನ್ನಬೇಕು. ನಮ್ಮ ಮನೆಯಲ್ಲಿ ಮೊಸರು ತರಲು ಹೋಗುವವರೂ ಹಾಗೇ ಅನ್ನುತ್ತಾರೆ. ನನ್ನ ಇಂಗ್ಲಿಷಿನಲ್ಲಿ ಗದರಿಸಿದೆ: “ನೋ ಗೋಯಿಂಗ್. ಗೋ ಅಂಡ್ ಕಮ್.”

ಅವನ ಕಣ್ಣರಳಿತು. “ಮತ್ತೆ ಬರಬೇಕಾ?”

“ಮತ್ತಿನ್ನೇನು.”

“ಎಲ್ಲರೂ ಹಾಗೇ ಹೇಳಿದಾರಾ?”

“ಎಲ್ಲರೂ ಹೇಳ್ತಾರೆ. ದೊಡ್ಡವರಂತೂ ಬಿಡೋದೇ ಇಲ್ಲ.”

ನಾನು ಹೇಳಿದ ದೊಡ್ಡವರು ನನ್ನ ಅತ್ತೆ. ಅವನು ಯಾರನ್ನು ಅಂದುಕೊಂಡನೋ. ಕಿಟಕಿಯಿಂದ ಒಳಗೆ ಬಗ್ಗಿ ನನ್ನ ಕೈ ಕುಲುಕಿ ಹೋದ.

ಸೋಮವಾರ ನೋಡುತ್ತೇನೆ, ಊಟದ ಸಾಲಿನಲ್ಲಿ ನಿಂತಿದ್ದಾನೆ. ಸದ್ಯ, ಮತ್ತೆ ಕರೆದರಲ್ಲ ಎಂದು ಸಂತೋಷಪಟ್ಟೆ. ಸಹಾಯಕ ಕೋಚ್, ಮ್ಯಾನೇಜರ್ ಕರೆದಿದ್ದಾರೆ ಎಂದುಕೊಂಡ. ಮ್ಯಾನೇಜರ್, ಸಹಾಯಕ ಕರೆದಿದ್ದಾನೆ ಎಂದುಕೊಂಡರು. ಕೇಳಿದರೆ ತಮಗೆ ಗೊತ್ತಿಲ್ಲವೆಂದು ಒಪ್ಪಿದ ಹಾಗಾಗುತ್ತದಲ್ಲ, ಇಬ್ಬರೂ ಕೇಳಲಿಲ್ಲ. ಬುಧವಾರ ಪಕ್ಕದ ಊರಿನವರ ಜೊತೆ ಸ್ನೇಹದ ಪಂದ್ಯ. ಇವನನ್ನೂ ಇಳಿಸಿದರು. ಇವನು ತಲೆಯಲ್ಲಿ ಒಂದು ಗೋಲು ಹೊಡೆದ. ತಂಡ ಗೆದ್ದದ್ದೇ ಆ ಒಂದು ಗೋಲಿನಿಂದ.

ಗುರುವಾರ ಮ್ಯಾನೇಜರ್ ಅಡುಗೆಮನೆಗೆ ಬಂದರು. ಅವರು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಯಜಮಾನಿ ಒಲೆ ಸಣ್ಣ ಮಾಡಿದಳು.

“ಆ ಲೀಡ್ಸ್‌ನವನನ್ನ ಮತ್ತೆ ಬಾ ಅಂದಿದ್ದು ನೀನಂತೆ?”

ಆಗ ನನಗೆ ಎಲ್ಲ ಹೊಳೆಯಿತು. ಖಾಯಂ ಕೆಲಸ ಚರಂಡಿಗೆ ಹರಿದುಹೋಗುವುದು ಕಣ್ಣ ಮುಂದೆ ಕಂಡಿತು. ನಮ್ಮ ಕಡೆ ಹೀಗೆ, ನಮ್ಮ ಅತ್ತೆ ಹಾಗೆ ಎಂದು ವಿವರಿಸಲು ಬೇಕಾಗುವಷ್ಟು ಇಂಗ್ಲಿಷ್ ಹತ್ತನೇ ತರಗತಿಯಲ್ಲಿ ಕಲಿಸುವುದಿಲ್ಲ.

“ಹೌದು,” ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಮ್ಮ ಯಾರ ಕಣ್ಣಿಗೂ ಬೀಳದ್ದು ನಿನಗೇನು ಕಂಡಿತು ಅವನಲ್ಲಿ?”

ನನಗೆ ಅವನ ವಿಷಯ ಗೊತ್ತಿದ್ದದ್ದು ಒಂದೇ. “ತಿಂದ ತಟ್ಟೆ ತಾನೇ ತಂದು ಇಡ್ತಾನೆ. ಯಾರೂ ನೋಡದೆ ಇದ್ದಾಗಲೂ.”

ಮ್ಯಾನೇಜರ್ ತಲೆದೂಗಿ ಹೊರಟುಹೋದರು. ಶುಕ್ರವಾರ ಅವನ ಸಹಿಯಾಯಿತು. ಅದೇ ದಿನ ಯಜಮಾನಿ ನನ್ನ ಹೆಸರನ್ನು ಇಡೀ ವರ್ಷದ ಪಾಳಿಪಟ್ಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದಳು. “ನಿನ್ನನ್ನ ತೆಗೆದರೆ ಅವರು ನನ್ನನ್ನ ತೆಗೀತಾರೆ, ಬ್ಯಾಬ್,” ಎಂದಳು.

ಮಧ್ಯಾಹ್ನ ಸಹಾಯಕ ಕೋಚ್ ಕಿಟಕಿಗೆ ಬಂದ. ಕೈಯಲ್ಲಿ ಉಳಿದ ಐದು ಜನರ ಪಟ್ಟಿ, ಪೆನ್ನು. ಅತ್ತ ಇತ್ತ ನೋಡಿ ದನಿ ತಗ್ಗಿಸಿದ: “ಬಾಸ್ ಕೇಳ್ಕೊಂಡು ಬಾ ಅಂದರು. ಈ ಗೋಲ್‌ಕೀಪರ್ ಹೇಗೆ?”

ನಾನು ಸೌಟು ಕೆಳಗಿಟ್ಟು, ಏಪ್ರನ್‌ಗೆ ಕೈ ಒರೆಸಿಕೊಂಡೆ.

“ಬೇಡ,” ಎಂದೆ. “ಬಂದಾಗಿನಿಂದ ನಾಲ್ಕು ತಟ್ಟೆ ಕೈಬಿಟ್ಟಿದ್ದಾನೆ.”