ಎರಡನೇ ಪೀರಿಯಡ್ಡಿನ ಚಹಾ

ಗಣಿತದ ಮೇಷ್ಟ್ರ ಕೈಬರಹ ಮುತ್ತು ಪೋಣಿಸಿದ ಹಾಗಿತ್ತು. ಅವರ ಕಷ್ಟಗಳಿಗೆಲ್ಲ ಅದೇ ಮೂಲ. ಆ ಖಾಸಗಿ ಶಾಲೆಯಲ್ಲಿ ‘ನಲ್ಲಿ ನಿಲ್ಲಿಸಿ’ ಎಂಬ ಚೀಟಿಯಿಂದ ಹಿಡಿದು ಬೀಳ್ಕೊಡುಗೆಯ ಮಾನಪತ್ರದವರೆಗೆ ಎಲ್ಲವನ್ನೂ ಅವರೇ ಬರೆಯಬೇಕು.

ಮಕ್ಕಳಿಗೆ ಕೊಡುವ ಬುದ್ಧಿ ಬರಲಿ ಎಂದು ಹೆಡ್‌ಮಿಸ್ ‘ಕೊಡುವ ದಿನ’ ಗೊತ್ತುಮಾಡಿದ್ದರು. ಕಾರಿಡಾರಿನಲ್ಲೊಂದು ಮೇಜು. ಅದರ ಮೇಲೆ ಸೇರಿದ್ದನ್ನೆಲ್ಲ ಸಂಜೆ ನಾಲ್ಕಕ್ಕೆ ಆಸ್ಪತ್ರೆಯ ವ್ಯಾನು ಬಂದು ಬಡ ರೋಗಿಗಳಿಗೆ ಒಯ್ಯುತ್ತದೆ. ಗೋಡೆಗೆ ಅಂಟಿಸಲು ಮೇಷ್ಟ್ರು ಎರಡು ನಿಯಮ ಬರೆದು ತಂದಿದ್ದರು: ‘ಬೇಡವಾದದ್ದಲ್ಲ, ನಿಮಗೆ ಬೇಕಾದದ್ದನ್ನೇ ಕೊಡಿ. ಕೊಟ್ಟದ್ದನ್ನು ಮರಳಿ ಕೇಳಬೇಡಿ.’

ಬೆಳಿಗ್ಗೆ ಹಾಳೆ ಅಂಟಿಸಲು ಸ್ಟೂಲು ಹತ್ತುವ ಮುನ್ನ, ಕೈಯಲ್ಲಿದ್ದ ಫ್ಲಾಸ್ಕನ್ನು ಮೇಜಿನ ಮೇಲಿಟ್ಟರು.

ಇಳಿಯುವಷ್ಟರಲ್ಲಿ ಚಪ್ಪಾಳೆ.

“ನೋಡಿ ಮಕ್ಕಳೇ!” ಹೆಡ್‌ಮಿಸ್ ಕಣ್ಣೊರೆಸಿಕೊಂಡರು. “ದಿನಾ ಎದೆಗೆ ಅವುಚಿಕೊಂಡು ಬರ್ತಿದ್ದದ್ದನ್ನೇ ಕೊಟ್ಬಿಟ್ರು. ಮೊದಲನೇ ಕೊಡುಗೆ!”

ಮೇಷ್ಟ್ರು ಬಾಯಿ ತೆರೆದರು. ಎದುರಿಗೆ ಇನ್ನೂರು ಮಕ್ಕಳು, ತಲೆಯ ಮೇಲೆ ತಮ್ಮದೇ ಅಕ್ಷರ. ಬಾಯಿ ಮುಚ್ಚಿದರು.

ಗುಜರಿಯವನೂ ಮೂಗು ಮುರಿಯುವಂಥ ಫ್ಲಾಸ್ಕದು. ಹೊಟ್ಟೆ ನೆಗ್ಗಿತ್ತು. ಬಿರಡೆ ಸಡಿಲವೆಂದು ಹೆಂಡತಿ ಬಟ್ಟೆಯ ಚೂರು ಸುತ್ತಿದ್ದಳು. ಆದರೂ ಬಿಸಿ ನಿಲ್ಲುತ್ತಿರಲಿಲ್ಲ. “ಎರಡನೇ ಪೀರಿಯಡ್ ಒಳಗೆ ಕುಡ್ದುಬಿಡಿ ಅಂದ್ರೆ,” ಎಂದು ಅವಳು ದಿನಾ ಬಾಗಿಲಲ್ಲಿ ನಿಂತು ಅದನ್ನು ಕೈಗೆ ಕೊಡುತ್ತ ಹೇಳುತ್ತಿದ್ದಳು. “ಆಮೇಲೆ ತಣ್ಣಗಾಯ್ತು ಅಂತ ಮುಖ ಊದಿಸ್ಕೊಂಡು ಬರ್ಬೇಡಿ.”

ಅವಳು ತೀರಿಕೊಂಡು ಎರಡು ವರ್ಷ. ಈಗ ಚಹಾ ಅವರೇ ಮಾಡಿಕೊಳ್ಳುತ್ತಾರೆ. ಆದರೆ ಎರಡನೇ ಪೀರಿಯಡ್ಡಿನ ಗಂಟೆ ಹೊಡೆದೊಡನೆ ಆ ಬಿರಡೆ ತೆಗೆದರೆ, ಒಂದು ಗಳಿಗೆ, ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು.

ಈ ದಿನ ಆ ಗಂಟೆ ಹೊಡೆದಾಗ ಮೇಷ್ಟ್ರ ಕೈ ತಾನಾಗಿ ಚೀಲಕ್ಕೆ ಹೋಗಿ ಬರಿದೇ ಬಂತು. ಬದಲಿಗೆ ತಮ್ಮ ಕೊಡೆ ಇಟ್ಟು ಫ್ಲಾಸ್ಕ್ ಎತ್ತಿಕೊಳ್ಳೋಣವೆಂದು ಕಾರಿಡಾರಿಗೆ ನಡೆದರು. ಮೇಜಿನ ಪಕ್ಕ ಡ್ರಿಲ್ ಮೇಷ್ಟ್ರು ಕೋಟೆಬಾಗಿಲಿನಂತೆ ನಿಂತಿದ್ದರು.

“ಕೊಡೆನೂ ಕೊಡ್ತೀರಾ? ಏನ್ ಸಾರ್ ನೀವು!” ಸೀಟಿ ಊದಿದರು. ಒಂದು ತರಗತಿ ಹೊರಬಂದು ಚಪ್ಪಾಳೆ ತಟ್ಟಿತು.

ಮಧ್ಯಾಹ್ನ ಕೈಗಡಿಯಾರ ಬಿಚ್ಚಿಕೊಂಡು ಹೋದರು. ಮತ್ತೆ ಸೀಟಿ. ಈ ಸಲ ಎರಡು ತರಗತಿ.

“ಸಾರ್,” ಮೇಷ್ಟ್ರು ಧೈರ್ಯ ಮಾಡಿ ಪಿಸುಗುಟ್ಟಿದರು, “ಆ ಫ್ಲಾಸ್ಕು ನಂದು.”

“ಗೊತ್ತು ಸಾರ್! ಇಡೀ ಸ್ಕೂಲಿಗೇ ಗೊತ್ತು!”

“ಹಾಗಲ್ಲ ಸಾರ್...”

“ಹೋಗಿ ಸಾರ್, ನಿಮ್ಮ ಮುಖ ನೋಡಿದ್ರೆ ಭಯ ಆಗತ್ತೆ. ಷರ್ಟೂ ಬಿಚ್ಚಿ ಕೊಟ್ಬಿಟ್ಟೀರಿ!”

ನಾಲ್ಕಕ್ಕೆ ವ್ಯಾನು ಬಂತು. ಚಾಲಕ ಕೊಡೆಯನ್ನು ವ್ಯಾನಿಗೇರಿಸಿದ, ಗಡಿಯಾರವನ್ನೂ ಏರಿಸಿದ. ಫ್ಲಾಸ್ಕನ್ನು ಮಾತ್ರ ಕಿವಿಯ ಹತ್ತಿರ ಅಲ್ಲಾಡಿಸಿ ಕೆಳಗಿಟ್ಟ.

“ಇದು ಬೇಡ ಮೇಡಂ. ಚಹಾ ಇನ್ನೂ ಒಳಗಿದೆ, ತಣ್ಣಗೆ ಕೊರೀತಿದೆ. ಬಿಸಿನೇ ನಿಲ್ಲದ್ದನ್ನ ರೋಗಿಗೆ ಹೇಗೆ ಕೊಡೋದು?”

ಮೇಷ್ಟ್ರ ಎದೆ ಹೂವಾಯಿತು. ಕೈ ಚಾಚಿದರು. ಇನ್ನೊಂದೇ ಗೇಣು.

“ಹಾಗಾದ್ರೆ ಇಲ್ಲೇ ಇರ್ಲಿ!” ಎಂದರು ಹೆಡ್‌ಮಿಸ್. “ಮೊದಲನೇ ಕೊಡುಗೆ ಅಲ್ವೇ? ಮುಂದಿನ ಮಕ್ಕಳೂ ನೋಡ್ಬೇಕು.”

ಚಹಾ ಚೆಲ್ಲಿ ತೊಳೆದು, ಟ್ರೋಫಿಗಳ ಗಾಜಿನ ಬೀರುವಿನಲ್ಲಿಟ್ಟು, ಬೀಗ ಜಡಿದು, ಬೀಗದಕೈಯನ್ನು ಕೈಚೀಲಕ್ಕೆ ಹಾಕಿಕೊಂಡರು. ಬೀರು ಇದ್ದದ್ದು ಮೇಷ್ಟ್ರ ತರಗತಿಯ ಬಾಗಿಲಿಗೆ ನೇರ ಎದುರು.

ಆಗ, ಬೆಳಗಿನ ಸುದ್ದಿ ಕೇಳಿ ಬಂದಿದ್ದ ಪಾಲಕರ ಸಂಘದ ಅಧ್ಯಕ್ಷರು ಮುಂದೆ ಬಂದರು. ಅವರದು ಪಾತ್ರೆ ಅಂಗಡಿ. “ಕೊಟ್ಟವರಿಗೂ ಯಾರಾದ್ರೂ ಕೊಡ್ಬೇಕಲ್ಲ!” ಎಂದು ಫಳಫಳ ಹೊಳೆಯುವ ಹೊಸ ಫ್ಲಾಸ್ಕನ್ನು ಮೇಷ್ಟ್ರ ಕೈಗಿತ್ತರು. “ಚಹಾ ತುಂಬ್ಸೇ ತಂದಿದ್ದೀನಿ. ಇಪ್ಪತ್ನಾಲ್ಕು ಗಂಟೆ ಬಿಸಿ, ಗ್ಯಾರಂಟಿ! ಯಾವಾಗ ಬೇಕಾದ್ರೂ ಕುಡೀರಿ ಸಾರ್.”

“ಮೇಷ್ಟ್ರೇ, ಬೀರುಗೊಂದು ಚೀಟಿ ಬರ್ದುಬಿಡಿ,” ಎಂದರು ಹೆಡ್‌ಮಿಸ್. “ನಿಮ್ಮ ಅಕ್ಷರದಲ್ಲೇ ಚೆನ್ನ.”

ಮೇಷ್ಟ್ರು ಪೆನ್ನು ತೆಗೆದು ಮುತ್ತಿನಂಥ ಅಕ್ಷರದಲ್ಲಿ ಬರೆದರು: ‘ಎರಡನೇ ಪೀರಿಯಡ್ ಒಳಗೆ ಕುಡಿದುಬಿಡಿ.’

“ಇದೇನು ಮೇಷ್ಟ್ರೇ?”

“ಕೊಟ್ಟವರ ಮಾತು,” ಎಂದರು ಮೇಷ್ಟ್ರು.

ಸಂಜೆ ಮನೆಯ ಹೊಸ್ತಿಲ ಮೇಲೆ ಕೂತು ಹೊಸ ಫ್ಲಾಸ್ಕ್ ತೆರೆದರು. ಚಹಾ ಹಬೆಯಾಡುತ್ತಿತ್ತು. ಕುಡಿಯಲು ಯಾವ ಅವಸರವೂ ಇರಲಿಲ್ಲ.