ಆವಲಪ್ಪನ ಬೈಕಿಗೆ ದಪ್ಪ ಟೈರು

ಗಾಡಿಯ ಮರ್ಯಾದೆಯೆಲ್ಲ ಹಿಂದಿನ ಚಕ್ರದಲ್ಲಿದೆ ಎಂದು ನಾನು ಹೇಳಿದರೆ ನನ್ನ ಸೊಸೆ ವಸಂತಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾಳೆ. ನಗಲಿ. ಅವಳು ಮರದ ಚಕ್ರದ ಗಾಡಿಯಲ್ಲಿ ಕೂತವಳಲ್ಲ. ನಮ್ಮ ಯಜಮಾನರಿದ್ದ ಕಾಲದಲ್ಲಿ ನಮ್ಮೂರು ಮಾಕಳಿಗೆ ಮೊದಲ ಟೈರು ಗಾಡಿ ತಂದವರು ನಾವು. ಅದಕ್ಕೆ ಮುಂಚೆ ಮಳೆಗಾಲದಲ್ಲಿ ನಮ್ಮ ಎತ್ತಿನ ಗಾಡಿ ಹೋಗುತ್ತಿರಲಿಲ್ಲ, ದಾರಿಯನ್ನು ಉಳುತ್ತಿತ್ತು. ಮರದ ಚಕ್ರ ಬಿಚ್ಚಿಸಿ ಹಳೆಯ ಲಾರಿ ಟೈರು ಹಾಕಿಸಿದೆವು ನೋಡಿ, ಅದೇ ಎತ್ತು, ಅದೇ ಕೆಸರು, ಎರಡರಷ್ಟು ಗೊಬ್ಬರ ಹೇರಿಕೊಂಡು ಗಾಡಿ ಸದ್ದಿಲ್ಲದೆ ತೇಲಿಹೋಯಿತು. ನಾನು ಹೊಸ್ತಿಲಲ್ಲಿ ಮೊರ ಹಿಡಿದು ನಿಂತವಳು ರಾಗಿ ಕೇರುವುದನ್ನೇ ಮರೆತೆ. ಚಕ್ರ ಅಗಲವಾದಷ್ಟೂ ಭಾರ ಹಗುರವಾಗುತ್ತದೆ ಎಂಬುದನ್ನು ಆವತ್ತು ಕಲಿತೆ. (ಶಾಲೆಯಲ್ಲಿ ನಾನು ಕಲಿತದ್ದು ಮಾರಕ್ಕ ಎಂಬ ನನ್ನ ಹೆಸರಿನ ಮೂರಕ್ಷರ. ಮಿಕ್ಕ ವಿದ್ಯೆಯೆಲ್ಲ ಹೊಸ್ತಿಲಲ್ಲೇ ಆದದ್ದು.)

ಈಗ ಎತ್ತೂ ಇಲ್ಲ, ಗಾಡಿಯೂ ಇಲ್ಲ. ಮಗ ಆವಲಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಓಡಿಸುತ್ತಾನೆ. ಪಾಳಿಗೆ ಹೋಗಿ ಬರಲೆಂದು ಒಂದು ಮೋಟಾರ್ ಸೈಕಲ್ ತಂದ. ಸಣ್ಣ ಗಾಡಿ, ಇಂಜಿನ್ನು ಜಪಾನಿನವರದಂತೆ. ಮುಂದಿನಿಂದ ನೋಡಿದರೆ ಹೊಳೆಯುವ ದೀಪ, ಕನ್ನಡಿ, ರಾಜಕಳೆ. ಹಿಂದಿನಿಂದ ನೋಡಿದರೆ ಚಕ್ರ ಮಗುವಿನ ಕೈಬಳೆಯಷ್ಟು ತೆಳ್ಳಗೆ. ಜಪಾನಿನವರು ಮುಂದಿನಿಂದ ಮಾಡುತ್ತಾ ಬಂದು, ಹಿಂದಕ್ಕೆ ಬರುವಷ್ಟರಲ್ಲಿ ರಬ್ಬರು ಮುಗಿದುಹೋಗಿರಬೇಕು.

ಆದರೂ ಆ ಹಿಂದಿನ ಸೀಟು ನನ್ನ ಸಿಂಹಾಸನವಾಗಿತ್ತು. ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತು ಹೋಗುತ್ತಿದ್ದೆ. ವಸಂತಮ್ಮ ಬಸ್ಸಿನಲ್ಲಿ ಬರುತ್ತಿದ್ದಳು. ಹೀಗೆ ಮನೆಯಲ್ಲಿ ಶಾಂತಿ ಇತ್ತು. ಆ ಶಾಂತಿ ಮುಗಿದದ್ದು ಒಂದು ಮಳೆಯ ಬೆಳಗ್ಗೆ, ಬೋರ್‌ವೆಲ್ ಮುಂದೆ. ಗಾಡಿ ಕೆಂಪು ಕೆಸರಿನಲ್ಲಿ ಬಾಲ ಅಲ್ಲಾಡಿಸಿತು, ಆವಲಪ್ಪ ಎರಡೂ ಕಾಲು ಊರಿ ನಿಂತ. ನಾನು ಎಲ್ಲಿಯೂ ಬೀಳಲಿಲ್ಲ. ಇದ್ದಲ್ಲೇ ಕೆಳಗೆ ಕೂತೆ ಅಷ್ಟೆ. ಬಿಂದಿಗೆ ಹಿಡಿದು ಸಾಲಾಗಿ ನಿಂತಿದ್ದ ಹೆಂಗಸರು ಒಬ್ಬರೂ ನಗಲಿಲ್ಲ. ಅದೇ ನನಗೆ ಹೆಚ್ಚು ಉರಿಯಿತು.

"ಇನ್ಮೇಲೆ ನೀನು ಬಸ್ಸಲ್ಲೇ ಹೋಗಮ್ಮ," ಎಂದ ಮಗ, ನನ್ನ ಬೆನ್ನಿನ ಕೆಸರು ತೊಳೆಯುತ್ತಾ. "ಕೈ ಕಾಲು ಮುರ್ಕೊಂಡ್ರೆ ನೋಡ್ಕೊಳ್ಳೋರ್ ಯಾರು?"

ಬೇರೆ ಸಮಯವಾಗಿದ್ದರೆ ನಾನು ಒಪ್ಪುತ್ತಿದ್ದೆನೋ ಏನೋ. ಆದರೆ ಆ ವಾರವೇ ಬೆಳ್ಳಂದೂರಿನಿಂದ ಅಕ್ಕ ಪಿಳ್ಳಮ್ಮ ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದಳು. ಕೆರೆ ಏರಿಯ ಪಕ್ಕದಲ್ಲಿ ಮೋಲ್ಡಿಂಗ್ ಹಾಕಿದ ಹೊಸ ಮನೆ. ಬಂದದ್ದು ಹೇಗೆ? ಬಾಡಿಗೆ ಕಾರಿನಲ್ಲಿ, ಕಿಟಕಿಯಿಂದ ಮೊಣಕೈ ಹೊರಗಿಟ್ಟುಕೊಂಡು. ಅಂಥವಳ ಬಾಗಿಲಿಗೆ ನಾನು ಮೆಜೆಸ್ಟಿಕ್ಕಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಬೆವರು ಒರೆಸುತ್ತಾ ಹೋಗಿ ನಿಲ್ಲುವುದೇ? ಬೈಕಿನ ಹಿಂದೆ ಕೂತು ಹೋಗಬೇಕು, ಅವಳು ಬಾಗಿಲಲ್ಲಿ ನಿಂತು ನೋಡಬೇಕು. ನನಗೆ ಬೇಕಿದ್ದದ್ದು ಇಷ್ಟೇ.

ಆ ರಾತ್ರಿ ಮುದ್ದೆ ತಿರುವುತ್ತಿರುವಾಗ ಹೊಳೆಯಿತು.

"ಆವಲ, ಹಿಂದಿನ ಟೈರು ದಪ್ಪದ್ದು ಹಾಕ್ಸು. ಜಾರಲ್ಲ."

"ಅದು ಎತ್ತಿನ ಗಾಡಿಯಲ್ಲ ಕಣಮ್ಮ."

"ಎತ್ತು ಬೇರೆ ಇರ್ಬೋದು. ನೆಲ ಅದೇ ಅಲ್ವೇನೋ?"

ಮಗ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ. ಕೊನೆಗೆ ಒಪ್ಪಿದ. ಲೇತ್ ಓಡಿಸುವವರಿಗೆ ನೆಲದ ವಿಷಯ ಅಷ್ಟಾಗಿ ಗೊತ್ತಿರುವುದಿಲ್ಲ.

ತುಮಕೂರು ರಸ್ತೆಯ ಪಕ್ಕದಲ್ಲಿ ಆಂಜಿನಪ್ಪ ಎಂಬವನ ಟೈರು ಅಂಗಡಿ. ಮಗ ಬೈಕಿನಲ್ಲಿ ಹೋದ, ನಾನು ಬಸ್ಸಿನಲ್ಲಿ ಹೋಗಿ ಇಳಿದೆ. (ಕೊನೆಯ ಸಲ ಎಂದು ನಿರ್ವಾಹಕನಿಗೂ ಹೇಳಿದೆ.) ಅಲ್ಲಿ ಗೋಡೆಗೆ ಒರಗಿ ನಿಂತಿತ್ತು ನೋಡಿ, ಯಾವುದೋ ದೊಡ್ಡ ಮೋಟಾರ್ ಸೈಕಲ್ಲಿನಿಂದ ಬಿಚ್ಚಿದ ಟೈರು. ಕಪ್ಪು ಮಿರಿಮಿರಿ. ಮೈತುಂಬ ಗೆರೆಗಳು, ನನ್ನ ಹೆಬ್ಬೆರಳು ಒಳಗೆ ಕೂರುವಷ್ಟು ಆಳ. ಮುಟ್ಟಿದರೆ ಎಮ್ಮೆಯ ಕತ್ತು ಮುಟ್ಟಿದ ಹಾಗೆ. ನನಗೆ ಕೈ ಮುಗಿಯಬೇಕೆನ್ನಿಸಿತು, ಅಂಗಡಿ ಎಂದು ಸುಮ್ಮನಾದೆ.

"ಇದು ನಮ್ ಗಾಡೀಲಿ ಕೂರತ್ತೇನಪ್ಪ?" ಎಂದೆ.

ಆಂಜಿನಪ್ಪನೂ ಅಂಥ ಕೆಲಸಕ್ಕೇ ಕಾದಿದ್ದವನ ಹಾಗೆ ಕಾಣಿಸಿದ. "ತಾನಾಗಿ ಕೂರಲ್ಲಮ್ಮ. ಕೂರುಸ್ಬೇಕು," ಎಂದು ಅಂಗಿಯ ತೋಳು ಮಡಿಸಿದ.

ಕೂರಿಸಿದ. ಚಕ್ರವನ್ನು ಹಿಂದಕ್ಕೆ ಎಳೆದ, ಚೈನಿಗೆ ಒಂದು ಕೊಂಡಿ ಸೇರಿಸಿದ, ಚೈನ್ ಕವರಿನ ಹೊಟ್ಟೆಯನ್ನು ಸುತ್ತಿಗೆಯಿಂದ ಹೊಡೆದು ಹೊರಕ್ಕೆ ಉಬ್ಬಿಸಿದ. ಒಂದೊಂದು ಏಟು ಬಿದ್ದಾಗಲೂ ಆವಲಪ್ಪ ತನ್ನ ಬೆನ್ನಿಗೇ ಬಿದ್ದಂತೆ ಕಣ್ಣು ಮುಚ್ಚುತ್ತಿದ್ದ. ಎಲ್ಲ ಮುಗಿದ ಮೇಲೆ ನಾನು ಬಗ್ಗಿ, ಟೈರಿಗೂ ಮೇಲಿನ ಮಡ್‌ಗಾರ್ಡಿಗೂ ನಡುವೆ ಕೈ ಇಟ್ಟು ನೋಡಿದೆ. ನಾಲ್ಕು ಬೆರಳು ಅಡ್ಡ ಹಿಡಿಯುವಷ್ಟು ಜಾಗ ಇತ್ತು.

"ನಾಲ್ಕು ಬೆರಳು ಬೇಕಾದಷ್ಟಾಯ್ತಮ್ಮ," ಎಂದ ಆಂಜಿನಪ್ಪ. ನಾನೂ ತಲೆಯಾಡಿಸಿದೆ. ಖಾಲಿ ಗಾಡಿಯನ್ನು ಇಬ್ಬರೂ ಚೆನ್ನಾಗಿ ಅಳೆದೆವು. ಮೇಲೆ ಜನ ಕೂರುತ್ತಾರೆ ಎಂಬ ಒಂದು ಸಂಗತಿ ಮಾತ್ರ ಆ ಹೊತ್ತಿಗೆ ಯಾರ ಲೆಕ್ಕಕ್ಕೂ ಬರಲಿಲ್ಲ.

ಮನೆ ಮುಂದೆ ಗಾಡಿ ಬಂದು ನಿಂತಾಗ ಬೀದಿಗೆ ಬೀದಿಯೇ ಸೇರಿತು. ಹಿಂದಿನಿಂದ ಸಾಕ್ಷಾತ್ ವಿಶ್ವರೂಪ. ಮುಂದಿನ ಚಕ್ರ ಆ ಗಾತ್ರದ ಎದುರು ನಾಚಿಕೊಂಡಂತೆ ನಿಂತಿತ್ತು. ವಸಂತಮ್ಮ ವಿಭೂತಿ ಎಳೆದು, ಎರಡೂ ಚಕ್ರಗಳ ಕೆಳಗೂ ನಿಂಬೆಹಣ್ಣು ಇಟ್ಟಳು. ಮುಂದಿನ ಚಕ್ರ ತನ್ನ ಪಾಲಿನ ನಿಂಬೆಹಣ್ಣನ್ನು ಹಿಸುಕಿ, ಅರ್ಧವನ್ನು ಆ ಪಕ್ಕಕ್ಕೆ ಅರ್ಧವನ್ನು ಈ ಪಕ್ಕಕ್ಕೆ ಎಸೆಯಿತು. ಹಿಂದಿನ ಚಕ್ರ ಹಾಗಲ್ಲ. ಮೆಲ್ಲನೆ ಮೇಲೆ ಬಂತು, ಮೆಲ್ಲನೆ ದಾಟಿತು. ನಿಂಬೆಹಣ್ಣು ಹಪ್ಪಳವಾಗಿ ನೆಲಕ್ಕೆ ಅಂಟಿತ್ತು.

"ಅಬ್ಬಬ್ಬ, ಒಂದ್ ಬೀಜನೂ ಉಳೀಲಿಲ್ಲ," ಎಂದಳು ಪಕ್ಕದ ಮನೆ ಭದ್ರಮ್ಮ. "ಇಂಗೂ ಉಂಟಾ ಮಾರಕ್ಕ?"

"ನೋಡ್ತಾ ಇರು," ಎಂದೆ ನಾನು. ಗೃಹಪ್ರವೇಶದ ದಿನದವರೆಗೂ ನಾನು ಅದರ ಮೇಲೆ ಕೂರಲಿಲ್ಲ. ಹೊಸ ಸೀರೆಯ ಮಡಿಕೆಯನ್ನು ಮೊದಲೇ ಮುರಿಯುತ್ತಾರೆಯೇ?

ಆ ದಿನ ಬೆಳಗ್ಗೆ ಸ್ನಾನ ಮಾಡಿ, ಹೊಸ ಸೀರೆಯ ಮಡಿಕೆ ಬಿಚ್ಚಿ ಉಟ್ಟು, ಕಜ್ಜಾಯದ ಡಬ್ಬ ಮಡಿಲಲ್ಲಿಟ್ಟುಕೊಂಡು ಸಿಂಹಾಸನ ಏರಿದೆ. ಆವಲಪ್ಪ ಒದ್ದು ಚಾಲೂ ಮಾಡಿದ. ಗಾಡಿ ಹೊರಟಿತು.

ಗರ್ರ್ರ್ರ್.

ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ಆವಲಪ್ಪ ನಿಲ್ಲಿಸಿದ. ನಾನು ಇಳಿದೆ. ಅವನೊಬ್ಬನೇ ಒಂದು ಸುತ್ತು ಹೊಡೆದ. ಸದ್ದಿಲ್ಲ, ಹೂವಿನ ಮೇಲೆ ಹೋದಂತೆ ಹೋದ. ಮತ್ತೆ ನಾನು ಹತ್ತಿದೆ.

ಗರ್ರ್ರ್ರ್.

ಈ ಸಲ ರಬ್ಬರು ಸುಟ್ಟ ವಾಸನೆಯೂ ಬಂತು. ಆವಲಪ್ಪ ಬಗ್ಗಿ, ಮಡ್‌ಗಾರ್ಡಿಗೆ ಉಜ್ಜಿಕೊಂಡ ಟೈರನ್ನು ನೋಡಿ, ಯಾವ ಮಗನೂ ತಾಯಿಗೆ ಹೇಳಬಾರದ ಮಾತನ್ನು ಬಹಳ ಮರ್ಯಾದೆಯಿಂದ ಹೇಳಿದ.

"ಏನಿಲ್ಲಮ್ಮ. ನೀನು ಕೂತಾಗ ಆ ನಾಲ್ಕು ಬೆರಳು ಮುಗ್ದೋಗತ್ತೆ."

"ಗಾಳಿ ಇಳ್ಸು."

ಗಾಳಿ ಇಳಿಸಿದ. ಸದ್ದು ದಪ್ಪವಾಯಿತೇ ಹೊರತು ನಿಲ್ಲಲಿಲ್ಲ.

"ಕಜ್ಜಾಯದ ಭಾರ ಇರ್ಬೇಕು," ಎಂದೆ. ಡಬ್ಬವನ್ನು ವಸಂತಮ್ಮನ ಮಡಿಲಲ್ಲಿಟ್ಟು ಅವಳನ್ನು ಕೂರಿಸಿ ನೋಡಿದೆವು. ಗಾಡಿ ಪಿಟ್ಟೆನ್ನಲಿಲ್ಲ. ಅಷ್ಟರಲ್ಲಿ ಕಾಂಪೌಂಡಿನಿಂದ ಭದ್ರಮ್ಮ, "ನಾನೊಂದ್ಸಲ ಕೂತ್ ನೋಡ್ಲಾ?" ಎಂದಳು. ಯಾರೂ ಬೇಡ ಎನ್ನುವ ಮೊದಲೇ ಕೂತಳು. ಅದಕ್ಕೂ ಸದ್ದಿಲ್ಲ. ಭದ್ರಮ್ಮ ನನಗಿಂತ ಸಣ್ಣ ಎಂದು ಅಲ್ಲಿಯವರೆಗೂ ನಾನು ಯಾವತ್ತೂ ಒಪ್ಪಿರಲಿಲ್ಲ. ಇಡೀ ಬೀದಿಯ ಮುಂದೆ ಟೈರು ತೀರ್ಪು ಕೊಟ್ಟುಬಿಟ್ಟಿತು.

"ಮುಹೂರ್ತ ಮೀರತ್ತೆ, ಅತ್ತೆ," ಎಂದಳು ವಸಂತಮ್ಮ ಸೀಟಿನಿಂದ ಇಳಿಯದೆ. "ನೀವು ನಿಧಾನಕ್ಕೆ ಬಸ್ಸಲ್ಲಿ ಬನ್ನಿ. ಕಜ್ಜಾಯ ನಾನ್ ಹಿಡ್ಕೊಂಡಿರ್ತೀನಿ."

ಅವರು ಹೊರಟರು. ನಾನು ಹೇಳಿ, ಹಟ ಹಿಡಿದು, ಮುಂದೆ ನಿಂತು ಹಾಕಿಸಿದ ಟೈರು ನನ್ನ ಸೊಸೆಯನ್ನು ಹೊತ್ತುಕೊಂಡು ತಿರುವಿನಲ್ಲಿ ಮರೆಯಾಯಿತು. ಕೆಸರಿನಲ್ಲಿ ಅದರ ಗುರುತು ಮಾತ್ರ ಅಂಗೈ ಅಗಲಕ್ಕೆ ರಂಗೋಲಿಯಂತೆ ಉಳಿದಿತ್ತು. ಕೋಪದಲ್ಲೂ ನಾನು ಅದನ್ನು ತುಳಿಯದೆ ಪಕ್ಕದಲ್ಲೇ ನಡೆದು ಬಸ್ಸಿಗೆ ಹೋದೆ.

ಬೆಳ್ಳಂದೂರು ಮುಟ್ಟುವ ಹೊತ್ತಿಗೆ ಪೂಜೆ ಮುಗಿದು ಊಟಕ್ಕೆ ಎಲೆ ಹಾಕುತ್ತಿದ್ದರು. ಹೊಸ ಮನೆ ನೋಡಬೇಕಿದ್ದ ಗಂಡಸರು ಅರ್ಧಕ್ಕರ್ಧ ಅಂಗಳದಲ್ಲಿ ಬೈಕಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಅಕ್ಕನ ಮಗ ಸೊಣ್ಣಪ್ಪ ಟೈರಿನ ಮೇಲೆ ಕೈಯಾಡಿಸುತ್ತಿದ್ದ. ಅವನ ಹತ್ತಿರವೂ ಅಂಥದೇ ಸಣ್ಣ ಗಾಡಿ ಇತ್ತು.

"ಚಿಕ್ಕಮ್ಮ, ಇದು ನಿಮ್ ಐಡಿಯಾ ಅಂತೆ?" ಎಂದ. ಅವನ ದನಿಯಲ್ಲಿದ್ದ ಭಕ್ತಿ ಆ ದಿನ ಸತ್ಯನಾರಾಯಣ ಸ್ವಾಮಿಗೂ ಸಿಕ್ಕಿರಲಾರದು.

ನಾನು ಉತ್ತರ ಕೊಡುವಷ್ಟರಲ್ಲಿ ಅಕ್ಕ ಬಂದಳು. ಅಕ್ಕ ಕಡ್ಡಿಯಂಥವಳು, ಗಾಳಿ ಬಂದರೆ ಕಂಬ ಹಿಡಿದುಕೊಳ್ಳುತ್ತಾಳೆ. ದನಿ ಮಾತ್ರ ಮೂರು ಬೀದಿಗೆ ಕೇಳುತ್ತದೆ.

"ಇಂಥಾ ಗಾಡಿ ಮಡೀಕೊಂಡು ಬಸ್ಸಲ್ ಬಂದ್ಯೇನೇ ಮಾರಿ? ಏನೋ ಆವಲ, ಎಂಡ್ರುನ್ನ ಕೂರಿಸ್ಕೊಂಡು ಎತ್ತೋಳ್ನ ಬಸ್ಸಿಗೆ ಅತ್ತಿಸ್ದೇನೋ?"

ಆವಲಪ್ಪ ನನ್ನ ಮುಖ ನೋಡಿದ. ವಸಂತಮ್ಮ ಬಾಯಿ ತೆರೆದಳು. ನಾನು ಅವಳನ್ನು ಒಂದು ನೋಟ ನೋಡಿದೆ. ಬಾಯಿ ಮುಚ್ಚಿದಳು. (ಅವಳು ಮದುವೆಯಾಗಿ ಬಂದಾಗಿನಿಂದ ಆ ನೋಟಕ್ಕೆ ಬೆಲೆ ಸಿಕ್ಕಿದ್ದು ಅದೊಂದೇ ಸಲ.)

"ಓಗುವಾಗ ನಿಮ್ಮಮ್ಮುನ್ನ ಕೂರಿಸ್ಕೊಂಡು ಓಗು. ನಾನು ನೋಡ್ಬೇಕು," ಎಂದು ಅಕ್ಕ ಅಪ್ಪಣೆ ಮಾಡಿದಳು. ದೊಡ್ಡವಳ ಮಾತು, ಅದೂ ಗೃಹಪ್ರವೇಶದ ಮನೆಯಲ್ಲಿ. ಬೇಡ ಎನ್ನಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳುವುದಕ್ಕಿಂತ ಕೆರೆಗೆ ಹಾರುವುದು ಸುಲಭವಾಗಿತ್ತು.

ಹೋಳಿಗೆ ಬಡಿಸಿದರು, ಒಂದರಲ್ಲೇ ಕೈ ತೊಳೆದೆ. ಅಷ್ಟರಿಂದ ಏನಾದರೂ ವ್ಯತ್ಯಾಸವಾದೀತೆಂಬ ಆಸೆ. ಹೊರಡುವಾಗ ಅಕ್ಕ, ಬೀಗರು, ಅಡುಗೆಯವರು, ಎಲ್ಲ ಬಾಗಿಲಿಗೆ ಬಂದು ನಿಂತರು. ನಾನು ಕಣ್ಣು ಮುಚ್ಚಿ ಮನೆದೇವರನ್ನು ನೆನೆದು ಹತ್ತಿದೆ.

ಗರ್ರ್ರ್ರ್.

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಕಣ್ಣು ತೆರೆಯಲಿಲ್ಲ. ಯಾರು ಮೊದಲು ನಗುತ್ತಾರೆ ಎಂದು ಕಿವಿಯಷ್ಟೇ ತೆರೆದಿದ್ದೆ.

"ಏನ್ ಸದ್ದೇ ಅದು?" ಎಂದಳು ಅಕ್ಕ. ದನಿ ಸಣ್ಣಗಾಗಿತ್ತು.

"ಟೈರು ದೊಡ್ದು ಕಣಕ್ಕ," ಎಂದೆ. "ದೊಡ್ದಕ್ಕೆ ಸದ್ದು ಇರತ್ತೆ."

"ಅಂಗೂ ಐತೆ," ಎಂದು ಅಕ್ಕ ಗಂಭೀರವಾಗಿ ತಲೆಯಾಡಿಸಿದಳು. ಪಕ್ಕದವಳಿಗೆ ಹೇಳಿದ್ದೂ ಕೇಳಿಸಿತು: "ನನ್ ತಂಗಿ ಮಗುನ್ ಗಾಡಿ. ಬಾಡಿಗೆ ಕಾರೂ ಇಂಗೆ ಗುಡುಗಲ್ಲ."

ಏರಿಯ ತಿರುವಿನವರೆಗೂ ಆ ಗುಡುಗು ನನ್ನನ್ನು ಮೆರವಣಿಗೆ ಮಾಡಿತು. ತಿರುವು ದಾಟಿದ ಕೂಡಲೇ ಇಳಿದೆ. ಹಿಂದಿನಿಂದ ನಡೆದು ಬಂದ ವಸಂತಮ್ಮ ಹತ್ತಿ ಕೂತಳು, ಗಾಡಿ ಸದ್ದಿಲ್ಲದೆ ಹೋಯಿತು. ಬಸ್‌ಸ್ಟಾಪಿನಲ್ಲಿ ಒಬ್ಬಳೇ ನಿಂತಿದ್ದರೂ ನನ್ನ ಮೈ ಇನ್ನೂ ಜುಮ್ಮೆನ್ನುತ್ತಿತ್ತು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆವಲಪ್ಪ ಹಳೆಯ ತೆಳ್ಳನೆ ಟೈರನ್ನೇ ಮತ್ತೆ ಹಾಕಿಸುತ್ತೇನೆ ಎಂದ, ವಸಂತಮ್ಮ ಬೇಡವೇ ಬೇಡ ಎಂದಳು, ಅವಳ ಮಾತು ನಡೆಯಿತು. ನಾನು ಬಸ್ಸಿಗೆ ಒಗ್ಗಿಕೊಳ್ಳುತ್ತಿದ್ದೆ. ಹೀಗಿರುವಾಗ ಒಂದು ಬೆಳಗ್ಗೆ ಸೊಣ್ಣಪ್ಪ ಮನೆ ಮುಂದೆ ಬಂದು ಗಾಡಿ ನಿಲ್ಲಿಸಿದ. ಹಿಂದೆ ಅದೇ ದಪ್ಪ ಟೈರು, ಅದೇ ಆಂಜಿನಪ್ಪನ ಕೈಕೆಲಸ. ಮುಖ ಮಾತ್ರ ಬಾಡಿತ್ತು.

"ಸದ್ದು ಬರ್ತಾ ಇಲ್ಲ ಚಿಕ್ಕಮ್ಮ," ಎಂದ. "ಅಮ್ಮ ಊರಿಗೆಲ್ಲ ಹೇಳ್ಕೊಂಡ್ಬಿಟ್ಟವ್ಳೆ, ಗುಡುಗ್ತದೆ ಅಂತ. ಅವ್ಳು ಕೂತ್ರೆ ಪಿಟ್ ಅನ್ನಲ್ಲ. ನನ್ನೆಂಡ್ರು ಕೂತ್ಲು, ಅವ್ಳಿಗೂ ಇಲ್ಲ. ರಾಗಿ ಮೂಟೆ ಕಟ್ ನೋಡ್ದೆ, ಆಗ ಬಂತು. ಮೂಟೆ ಕೂರಿಸ್ಕೊಂಡು ಮೆರವಣಿಗೆ ಓಗೋಕ್ಕಾಯ್ತದಾ?"

"ಆಂಜಿನಪ್ಪನ್ನ ಕೇಳ್ಬೇಕಾಗಿತ್ತು."

"ಕೇಳ್ದೆ. ಇದು ಟೈರಿಂದ ಬರೋ ಸದ್ದಲ್ಲ, ಮಾಕಳಿ ಅಮ್ಮುನ್ನ ಕರ್ಕೊಂಡು ಓಗಿ ಅಂದ." ಸೊಣ್ಣಪ್ಪ ಸೀಟನ್ನು ತನ್ನ ಟವಲಿನಿಂದ ಒರೆಸಿದ. "ಅಮ್ಮನೂ ಅದನ್ನೇ ಹೇಳಿ ಕಳ್ಸವ್ಳೆ. ಒಂದ್ ಎಂಟ್ ದಿನ ಬಂದಿದ್ದು, ಸಂಜೆ ಹೊತ್ತು ಊರಲ್ಲಿ ಒಂದ್ ಸುತ್ತು ಕೂತ್ರೆ ಸಾಕಂತೆ."

ರಾಗಿ ಮೂಟೆಗೆ ಬದಲಾಗಿ ಕರೆಯುತ್ತಿದ್ದಾರೆ ಎಂದು ನನಗೆ ತಿಳಿಯದೇ ಇರಲಿಲ್ಲ. ಬೈಕಿನಲ್ಲಿ ಕರೆಯುತ್ತಿದ್ದಾರೆ ಎಂಬುದೂ ತಿಳಿಯಿತು. ನಾನು ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದೆ. ಭದ್ರಮ್ಮ ಕಾಂಪೌಂಡಿನ ಮೇಲೆ ಗಲ್ಲ ಇಟ್ಟು ಕಾದಿದ್ದಳು. ನಾನು ಹತ್ತಿದೆ, ಸೊಣ್ಣಪ್ಪ ಗಾಡಿಯನ್ನು ಒಂದು ಮಾರು ಮುಂದಕ್ಕೆ ಬಿಟ್ಟ.

ಗರ್ರ್ರ್ರ್.

"ಬಂತು ಚಿಕ್ಕಮ್ಮ, ಬಂತು," ಎಂದು ಸೊಣ್ಣಪ್ಪ ಕೈ ಮುಗಿದ.

ವಸಂತಮ್ಮ ನನ್ನ ಬಟ್ಟೆಯ ಚೀಲವನ್ನೂ ಚಪ್ಪಲಿಯನ್ನೂ ತಂದುಕೊಟ್ಟಳು.

"ಹೋಗ್ಬನ್ನಿ ಅತ್ತೆ," ಎಂದಳು. "ಅಲ್ಲಿ ಊಟ ಮಾತ್ರ ಕಮ್ಮಿ ಮಾಡ್ಬೇಡಿ. ಸದ್ದು ನಿಂತೋದ್ರೆ ವಾಪಸ್ ಬಸ್ಸಲ್ಲಿ ಕಳ್ಸ್ಬಿಡ್ತಾರೆ."